ಲಾಟೀನು ಮಾರ್ಕಿನ ಮುಚ್ಚಿದ ಪ್ಯಾಕು

ಕಾಪುವಿನ ಓಸ್ವಾಲ್ಡ್ ಮಥಾಯಸನಿಗೆ ಬೀಡಿಯ ಚಟ ಇರಲಿಲ್ಲ, ಸಿಗರೇಟಿನದ್ದೂ ಇರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಕಡ್ಡಿ ಗೀರಿದರೆ ಎದ್ದು ಬೇರೆ ಸೀಟಿಗೆ ಹೋಗುವ ಜಾತಿ. ಅಂಥವನ ಮಂಚದ ಅಡಿಯಲ್ಲಿ ಒಂದು ತಗಡಿನ ಟ್ರಂಕು, ಟ್ರಂಕಿನ ತುಂಬ ಸಿಗರೇಟು! ಅದೂ ಎಂಥ ಸಿಗರೇಟು? ಎರಡನೇ ಯುದ್ಧಕ್ಕೆ ಮೊದಲಿನದ್ದು, ತಯಾರಿಸುತ್ತಿದ್ದ ಕಂಪನಿಯೇ ಮುಳುಗಿಹೋದದ್ದು, ಒಂದರ ಸೀಲನ್ನೂ ಒಡೆಯದ್ದು. ಹೆಂಡತಿ ಇಮೆಲ್ಡಾ ಗುಡಿಸುವಾಗ ಹಿಡಿಸೂಡಿ ಟ್ರಂಕಿಗೆ ತಾಗಿದರೂ ಇವನ ಜೀವ ಬಾಯಿಗೆ ಬರುತ್ತಿತ್ತು.

"ಸೇದುವುದಾದರೆ ಸೇದಿ, ಮಾರುವುದಾದರೆ ಮಾರಿ. ಇದೆಂತ, ಮೊಟ್ಟೆಗೆ ಕಾವು ಕೊಟ್ಟ ಹಾಗೆ!" ಅಂತ ಇಮೆಲ್ಡಾ ರೇಗುತ್ತಿದ್ದಳು. ಅವಳು ರೇಗುವುದರಲ್ಲಿ ತಪ್ಪೇನೂ ಇಲ್ಲ ಬಿಡಿ. ಮನೆಗೆ ಬಂದವರು ಕೇಳಿದರೆ ಅವಳು ಎಂತ ಹೇಳಬೇಕು?

ಆದರೆ ಓಸ್ವಾಲ್ಡನದ್ದು ಹುಚ್ಚಲ್ಲ. ಹುಚ್ಚಿಗೆ ಕಾರಣ ಇರುವುದಿಲ್ಲ, ಇವನಿಗೆ ಕಾರಣ ಇತ್ತು. ಇವನ ಅಪ್ಪ ಇಮ್ಯಾನುಯೆಲ್ ಬೊಂಬಾಯಿಯಿಂದ ಹೊರಡುತ್ತಿದ್ದ 'ಕೋರಲ್ ಸ್ಟಾರ್' ಎಂಬ ಹಡಗಿನಲ್ಲಿ ಅಡುಗೆಯವನಾಗಿದ್ದ. ಆ ಕಾಲದಲ್ಲಿ ಲಾಟೀನು ಮಾರ್ಕಿನ ಸಿಗರೇಟು ಅಂತ ಬರುತ್ತಿತ್ತು, ಅಪ್ಪ ಸೇದುತ್ತಿದ್ದದ್ದೂ ಅದೇ. ರಟ್ಟಿನ ಪ್ಯಾಕು, ಮೇಲೆ ಹಸಿರು ಲಾಟೀನು, ಒಳಗೆ ಸಿಗರೇಟುಗಳ ಜೊತೆ ಒಂದು ಬಣ್ಣದ ಚಿತ್ರದ ಕಾರ್ಡು. ಹಡಗುಗಳ ಚಿತ್ರದ್ದೇ ಒಂದು ಮಾಲೆ. ಕೊನೆಯ ಸಲ ರಜೆಯಲ್ಲಿ ಬಂದಾಗ ಅಪ್ಪ ಅದರಲ್ಲಿ ಒಂದು ಕಾರ್ಡನ್ನು ಮಗನ ಮುಂದೆ ಹಿಡಿದು, "ನೋಡು ಮಗಾ, ಇದು ನಮ್ಮ ಹಡಗು. ಈ ಕಿಟಕಿ ಉಂಟಲ್ಲ, ಅದರ ಹಿಂದೆ ನಾನು ಮೀನು ಕಾಯಿಸುವುದು" ಅಂದಿದ್ದ. ಯುದ್ಧದಲ್ಲಿ ಆ ಹಡಗು ಮುಳುಗಿತು. ಅಪ್ಪನ ಹೆಣವೂ ಬರಲಿಲ್ಲ, ಗೋರಿಯೂ ಆಗಲಿಲ್ಲ. ಅಮ್ಮ ಆ ಕಾರ್ಡನ್ನು ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟಿದ್ದಳು, ಗೆದ್ದಲು ಪುಸ್ತಕವನ್ನೂ ತಿಂದಿತು, ಹಡಗನ್ನೂ ತಿಂದಿತು. ಅಪ್ಪನ ಫೋಟೋ ಒಂದೂ ಇರಲಿಲ್ಲ. ಮುಖ ಮರೆತುಹೋಯಿತು, ಸ್ವರ ಮರೆತುಹೋಯಿತು. ಆ ಕಿಟಕಿಯನ್ನು ಇನ್ನೊಮ್ಮೆ ನೋಡಬೇಕು. ಇಷ್ಟೇ ಆಸೆ.

ದೊಡ್ಡವನಾಗಿ ಮಣಿಪಾಲದ ಒಂದು ಅಚ್ಚುಕೂಟದ ಬೈಂಡಿಂಗ್ ವಿಭಾಗಕ್ಕೆ ಸೇರಿದ ಮೇಲೆ ಹುಡುಕಾಟ ಸುರುವಾಯಿತು. ಉಡುಪಿಯ ಗುಜರಿ ಅಂಗಡಿ, ಆದಿ ಉಡುಪಿಯ ಸಂತೆ, ಮುಚ್ಚಿದ ಗೂಡಂಗಡಿಗಳ ಅಟ್ಟ, ಎಲ್ಲಿ ಧೂಳು ಉಂಟೋ ಅಲ್ಲಿ ಓಸ್ವಾಲ್ಡ್ ಇದ್ದಾನೆ ಅಂತ ಲೆಕ್ಕ. ಇವನ ಹಾಗೆಯೇ ಕೂಡಿಡುವ ನಾಲ್ಕು ಜನ ಉಡುಪಿಯ ಹೊಟೇಲೊಂದರಲ್ಲಿ ಭಾನುವಾರ ಸೇರುತ್ತಿದ್ದರು. ಅವರಿಗೆ ಹಿರಿಯರು ಮಧ್ವರಾಜ ಮೇಷ್ಟ್ರು, ಮಣಿಪಾಲದ ಕಾಲೇಜಿನಲ್ಲಿ ಪಾಠ ಮಾಡುವವರು, ಚಹಾ ಆರುವವರೆಗೆ ಮಾತಾಡುವ ಒಳ್ಳೆಯ ಮನುಷ್ಯ. ಅಲ್ಲಿಯ ನಿಯಮ ಏನೆಂದರೆ, ಸೀಲು ಒಡೆಯದ ಒಂದು ಪ್ಯಾಕು ಕೊಟ್ಟರೆ ಬಿಡಿ ಕಾರ್ಡುಗಳು ಮುಷ್ಟಿ ತುಂಬ ಸಿಗುತ್ತಿದ್ದವು. ಸೀಲು ಒಡೆದರೆ ಮುಗಿಯಿತು, ಅದು ಬರೀ ರಟ್ಟು. ಹಾಗಾಗಿ ಪ್ಯಾಕು ಒಡೆದು ಒಳಗಿನ ಒಂದೇ ಕಾರ್ಡಿಗೆ ಆಸೆ ಪಡುವುದು ಶುದ್ಧ ಪೆದ್ದುತನ. ಓಸ್ವಾಲ್ಡ್ ಹೀಗೆ ಬದಲು ಮಾಡಿ ಮಾಡಿ ಹಡಗಿನ ಮಾಲೆಯನ್ನು ಬಹುಮಟ್ಟಿಗೆ ತುಂಬಿಸಿದ. 'ಕೋರಲ್ ಸ್ಟಾರ್' ಮಾತ್ರ ಯಾರ ಹತ್ತಿರವೂ ಇರಲಿಲ್ಲ.

"ಟ್ರಂಕಿನಲ್ಲಿ ಅಷ್ಟು ಉಂಟಲ್ಲ, ಒಂದನ್ನು ಒಡೆದು ನೋಡಿ" ಅಂದರೆ ಇಮೆಲ್ಡಾಳ ಮೇಲೆ ಹಾರಿಬೀಳುತ್ತಿದ್ದ. "ನಿನಗೆ ಎಂತ ಗೊತ್ತು? ಮುಚ್ಚಿ ಇದ್ದರೆ ಮಾತ್ರ ಅದಕ್ಕೆ ಮರ್ಯಾದೆ!"

ಮುಚ್ಚಿದ್ದು ನಿಜವಾಗಿ ಮುಚ್ಚಿದ್ದೋ ಅಲ್ಲವೋ ಅಂತ ಹೇಳುವುದರಲ್ಲಿ ಓಸ್ವಾಲ್ಡನದ್ದು ಎತ್ತಿದ ಕೈ. ಒಮ್ಮೆ ಒಬ್ಬ ಘಾಟಿ ಆಸಾಮಿ ಹಳೆಯ ಪ್ಯಾಕಿಗೆ ಹೊಸ ಸಿಗರೇಟು ತುಂಬಿ, ಅಂಟಿಸಿ, ಮೇಷ್ಟ್ರಿಗೆ ಸರಿಯಾಗಿ ಟೋಪಿ ಹಾಕಿದ್ದ. ಅಂದಿನಿಂದ ಯಾವ ಪ್ಯಾಕು ಬಂದರೂ ಮೊದಲು ಓಸ್ವಾಲ್ಡನ ಅಂಗೈಗೆ. ಹಳೆಯ ಹೊಗೆಸೊಪ್ಪು ಒಣಗಿ ಹಗುರಾಗಿರುತ್ತದೆ, ಹೊಸದು ಕೈಗೆ ಭಾರ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಹಳೆಯದು ಸೊರಗಿ ಒಳಗೆ ಸರಸರ ಅನ್ನುತ್ತದೆ. ಇಷ್ಟರಲ್ಲಿ ಸಂಶಯ ಹೋಗದಿದ್ದರೆ ಕೊನೆಯ ಅಸ್ತ್ರ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್. ಕಂಪನಿಯವರು ಅಂಟಿಸುತ್ತಿದ್ದದ್ದು ಗೋಂದಿನಲ್ಲಿ. ಮನೆಯಲ್ಲಿ ಕಳ್ಳತನದಿಂದ ಅಂಟಿಸುವವರು ಮೈದಾ ಹಿಟ್ಟೋ ಗಂಜಿಯೋ ಹಚ್ಚುತ್ತಾರೆ. ಅಂಚಿನಿಂದ ಅಂಟನ್ನು ಸೂಜಿಯಲ್ಲಿ ಚೂರೇ ಚೂರು ಕೆರೆದು ಟಿಂಚರಿನ ಹನಿ ಬಿಟ್ಟರೆ, ಗೋಂದು ಸುಮ್ಮನಿರುತ್ತದೆ, ಗಂಜಿ ಗಾಢ ನೀಲಿಯಾಗುತ್ತದೆ. ಬೈಂಡಿಂಗ್ ಕೆಲಸದವನಿಗೆ ಇದೆಲ್ಲ ದಿನದ ವಿದ್ಯೆ. ಆ ನೀಲಿ ಬಣ್ಣವನ್ನು ಓಸ್ವಾಲ್ಡ್ ದೇವರ ಮಾತಿನ ಹಾಗೆ ನಂಬಿದ್ದ.

ಎಪ್ಪತ್ತೊಂಬತ್ತರ ಬೇಸಗೆಯಲ್ಲಿ ಕಾರ್ಕಳದ ಕಡೆಯಿಂದ ಒಬ್ಬ ಹೆಂಗಸು ಮನೆ ಹುಡುಕಿಕೊಂಡು ಬಂದಳು. ಹೆಸರು ವಾರಿಜಾ, ಅತ್ತೂರಿನವಳು, ಬೀಡಿ ಕಟ್ಟಿ ಜೀವನ ಮಾಡುವವಳು. ಓಸ್ವಾಲ್ಡನಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಜಗಲಿಯಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಲಾಟೀನು ಮಾರ್ಕಿನ ಪ್ಯಾಕು ತೆಗೆದಳು.

"ಪೊರ್ಬುಗಳೇ," ಅಂದಳು. ಕ್ರೈಸ್ತರನ್ನು ನಮ್ಮ ಕಡೆ ಗೌರವದಿಂದ ಹಾಗೆಯೇ ಕರೆಯುವುದು. "ಇದು ನನ್ನ ಅಪ್ಪ ದೂಮಪ್ಪ ಪೂಜಾರಿಯವರದ್ದು. ಬೊಂಬಾಯಿಯ ಹೊಟೇಲಿನಲ್ಲಿದ್ದರು. ಊರಿಗೆ ಬರುವಾಗ ತಂದದ್ದು, ಬಂದ ವಾರದಲ್ಲೇ ಜ್ವರ ಬಂದು ತೀರಿಕೊಂಡರು. ಅಮ್ಮ ಇಷ್ಟು ವರ್ಷ ನೋಡಿಕೊಂಡಳು, ಈಗ ಅವಳೂ ಇಲ್ಲ. ನನ್ನ ನಂತರ ಮನೆಯಲ್ಲಿ ಯಾರಿಲ್ಲ. ನೀವು ಇಂಥದ್ದನ್ನು ಜೋಪಾನ ಮಾಡುತ್ತೀರಂತೆ. ಇಟ್ಟುಕೊಳ್ಳಿ."

"ಎಷ್ಟು ಕೊಡಬೇಕು?"

"ಅಪ್ಪನನ್ನು ಮಾರುತ್ತಾರಾ?"

ಪುಕ್ಕಟೆ ಅಂದದ್ದೇ ಓಸ್ವಾಲ್ಡನಿಗೆ ಕಿವಿ ನೆಟ್ಟಗಾಯಿತು. ಈ ಲೋಕದಲ್ಲಿ ಸುಮ್ಮನೆ ಕೊಡುವವರು ಯಾರಪ್ಪಾ! ಪ್ಯಾಕನ್ನು ತಿರುಗಿಸಿ ನೋಡಿದ. ಭಾರ ಸರಿ ಇತ್ತು, ಶಬ್ದವೂ ಸರಿ ಇತ್ತು. ಆದರೆ ಒಂದು ಮೂಲೆ ಅರಸಿನದಿಂದ ಹಳದಿಯಾಗಿತ್ತು, ಮೇಲೆ ಮಸಿ ಹಿಡಿದಿತ್ತು, ಅಂಚಿನ ಪಟ್ಟಿ ಎದ್ದು ಮತ್ತೆ ಕೂತ ಹಾಗಿತ್ತು. ಒಳಗೆ ಹೋಗಿ ಟಿಂಚರ್ ಬಾಟಲಿ ತಂದ. ಸೂಜಿಯ ತುದಿಯಲ್ಲಿ ಕೆರೆದದ್ದಕ್ಕೆ ಹನಿ ಬಿಟ್ಟ. ನೀಲಿ! ಪುಸ್ತಕದ ರಟ್ಟಿಗೆ ಹಚ್ಚಿದ ಗಂಜಿಯ ಹಾಗೆ ಪಕ್ಕಾ ನೀಲಿ.

"ಇದನ್ನು ಒಮ್ಮೆ ಬಿಚ್ಚಿ, ಗಂಜಿ ಹಚ್ಚಿ, ತಿರುಗಿ ಮುಚ್ಚಿದ್ದಾರೆ" ಅಂದ ಓಸ್ವಾಲ್ಡ್.

"ಇಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಿಚ್ಚಲಿಲ್ಲ."

"ಇದು ನಾನು ಹೇಳುವುದಲ್ಲ, ಔಷಧ ಹೇಳುವುದು. ಔಷಧ ಸುಳ್ಳು ಹೇಳುತ್ತದಾ?"

"ಹಾಗಾದರೆ ನಾನು ಹೇಳುತ್ತೇನಾ?"

ಓಸ್ವಾಲ್ಡ್ ಟಿಂಚರ್ ಬಾಟಲಿಯ ಮುಚ್ಚಳ ಹಾಕಿ, ಪ್ಯಾಕನ್ನು ಅವಳ ಕಡೆಗೆ ಸರಿಸಿದ. ವಾರಿಜಾ ಪ್ಯಾಕನ್ನು ಮೊದಲಿನ ಹಾಗೆ ಬಟ್ಟೆಯಲ್ಲಿ ಸುತ್ತಿ, ಸೆರಗಿಗೆ ಗಂಟು ಹಾಕಿ ಎದ್ದಳು. ಇಮೆಲ್ಡಾ ಬೆಲ್ಲ, ನೀರು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಅಂಗಳ ದಾಟಿದ್ದಳು.

"ಮನೆಗೆ ಬಂದವರನ್ನು ನೀರು ಕುಡಿಯದ ಹಾಗೆ ಕಳಿಸಿದಿರಲ್ಲ. ಆ ಹೆಂಗಸಿನ ಕಣ್ಣು ನೋಡಿದಿರಾ? ನಿಮ್ಮ ಬಾಟಲಿಯ ಬಣ್ಣ ಮಾತ್ರ ನಿಮಗೆ ಕಾಣುವುದು!" ಅಂತ ಇಮೆಲ್ಡಾ ಎರಡು ದಿನ ಗಂಡನ ಹತ್ತಿರ ಮಾತು ಬಿಟ್ಟಳು. ಓಸ್ವಾಲ್ಡ್ ತಾನು ಮಾಡಿದ್ದೇ ಸರಿ ಅಂತ ಹೇಳಿಕೊಂಡು ಓಡಾಡಿದ, ಆದರೆ ಊಟ ರುಚಿಸಲಿಲ್ಲ.

ತುಳುವಿನ ಆಟಿ ತಿಂಗಳು, ಜೋರು ಮಳೆಯ ಕಾಲ, ಬಂತು. ಕಡಲಿಗೆ ದೋಣಿ ಇಳಿಯುವುದಿಲ್ಲ, ಎಲ್ಲರೂ ಮನೆಯಲ್ಲಿ. ಆಗ ತುಳುವರ ಮನೆಗಳಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಸತ್ತವರಿಗೆ ಯಾವುದು ಇಷ್ಟವೋ ಅದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ, ಪಕ್ಕದಲ್ಲಿ ದೀಪ ಇಟ್ಟು, ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಆಮೇಲೆ ಬಡಿಸಿದ್ದನ್ನು ಮನೆಯವರು ಉಣ್ಣುವುದು. ಓಸ್ವಾಲ್ಡನ ನೆರೆಯ ಬೂಬ ಪ್ರತಿ ವರ್ಷ ತೀರಿಹೋದ ತನ್ನ ಅಣ್ಣನಿಗೆ ಹೀಗೆ ಬಡಿಸಿ, ಮರುದಿನ ಬೆಳಿಗ್ಗೆ ಓಸ್ವಾಲ್ಡನನ್ನು ಕೋಳಿ ಸಾರಿಗೆ ಕರೆಯುತ್ತಿದ್ದ.

ಆ ವರ್ಷವೂ ಕರೆದ. ಓಸ್ವಾಲ್ಡ್ ಹೋಗಿ ನೋಡುವಾಗ ಬೂಬ ಜಗಲಿಯಲ್ಲಿ ಕೂತು ಒಂದು ಬೀಡಿಯ ಕಟ್ಟಿನ ಜೊತೆ ಗುದ್ದಾಡುತ್ತಿದ್ದ. ಕಟ್ಟಿನ ಕಾಗದ ಅಂಟಿಕೊಂಡು ಬಿಚ್ಚಲು ಬರುತ್ತಿರಲಿಲ್ಲ.

"ಇದೊಂದು ಕರ್ಮ ಮಾರಾಯ," ಅಂದ ಬೂಬ. "ಅಣ್ಣನಿಗೆ ಅಂತ ಎಲೆಯ ಮೇಲೆ ಇಟ್ಟದ್ದು. ಬಿಸಿ ಅನ್ನದ ಹಬೆ ತಾಗಿ, ಗಂಜಿಯ ತಿಳಿ ಹರಿದು, ಹೇಗೆ ಅಂಟಿದೆ ನೋಡು!"

ಓಸ್ವಾಲ್ಡ್ ಆ ಕಟ್ಟನ್ನು ಕೈಗೆ ತೆಗೆದುಕೊಂಡ. ಮೂಲೆಯಲ್ಲಿ ಅರಸಿನ. ಮೇಲೆ ದೀಪದ ಮಸಿ. ಮನೆಗೆ ಓಡಿ ಟಿಂಚರ್ ಬಾಟಲಿ ತಂದು, ಅಂಟಿದ ಕಾಗದದ ಮೇಲೆ ಒಂದು ಹನಿ ಬಿಟ್ಟ. ನೀಲಿ!

"ಏ, ನನ್ನ ಬೀಡಿಗೆ ಎಂತ ಹಾಕಿದಿ ಮಾರಾಯ?"

"ಬೂಬ, ಇದನ್ನು ಬಡಿಸಿದ ಮೇಲೆ ಸೇದುವವರು ಯಾರು?"

"ನಾನೇ. ಮತ್ತೆ ಯಾರು, ನಿನ್ನ ಹೆಂಡತಿಯಾ?"

"ಗಂಡಸು ಇಲ್ಲದ ಮನೆಯಾದರೆ?"

ಬೂಬ ತಲೆ ಕೆರೆದುಕೊಂಡ. "ಹಾಗಾದರೆ ಯಾರು ಸೇದುತ್ತಾರೆ? ಇದ್ದ ಹಾಗೆಯೇ ಎತ್ತಿಟ್ಟು ಮುಂದಿನ ವರ್ಷ ಅದನ್ನೇ ಇಡಬೇಕಷ್ಟೆ."

ಓಸ್ವಾಲ್ಡ್ ಕೋಳಿ ಸಾರಿನ ಬಟ್ಟಲನ್ನು ಬದಿಗೆ ಸರಿಸಿದ. ವಾರಿಜಾಳ ಮನೆಯಲ್ಲಿ ತಾಯಿ ಮಗಳು ಇಬ್ಬರೇ ಹೆಂಗಸರು, ಇಷ್ಟು ವರ್ಷ, ಅದೇ ಪ್ಯಾಕನ್ನು ಬಿಸಿ ಅನ್ನದ ಪಕ್ಕ ಇಟ್ಟು ತೆಗೆದಿದ್ದಾರೆ. ಗಂಜಿ ಹಚ್ಚಿದ್ದು ಕಳ್ಳರಲ್ಲ, ಅನ್ನ! ಎಲ್ಲವೂ ಕಣ್ಣೆದುರೇ ಇತ್ತು. ಹುಟ್ಟಿದಾರಭ್ಯ ಬೂಬನ ಮನೆಯ ಪಕ್ಕದಲ್ಲಿದ್ದು, ಅವನ ಅಣ್ಣನ ಪಾಲಿನ ಕೋಳಿ ಸಾರು ತಿಂದು ಬೆಳೆದವನಿಗೆ ಅರಸಿನ ಕಂಡಾಗ ಕಳ್ಳ ನೆನಪಾದನೇ ಹೊರತು ಅನ್ನ ನೆನಪಾಗಲಿಲ್ಲ.

ಮರುದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಮಣಿಪಾಲದಿಂದಲೇ ಕಾರ್ಕಳದ ಬಸ್ಸು ಹತ್ತಿದ. ಇಮೆಲ್ಡಾ ಒಂದು ಚೆಂಡು ಮಲ್ಲಿಗೆಯನ್ನೂ ಅದರ ಜೊತೆಗೆ ಒಂದು ಮಾತನ್ನೂ ಕಟ್ಟಿ ಕಳಿಸಿದ್ದಳು, "ಕಾಲು ಹಿಡಿಯಬೇಕಾದರೆ ಹಿಡಿಯಿರಿ, ಏನೂ ಕಡಿಮೆಯಾಗುವುದಿಲ್ಲ." ಅತ್ತೂರಿನಲ್ಲಿ ಇಗರ್ಜಿ, ಅಂದರೆ ಚರ್ಚಿನ ಹತ್ತಿರ ಇಳಿದು, ಬೀಡಿ ಕಟ್ಟುವ ವಾರಿಜಕ್ಕ ಅಂತ ಕೇಳಿದಾಗ ಮನೆ ತೋರಿಸಿದರು. ಅವಳು ಒಲೆಯ ಮುಂದೆ ಇದ್ದಳು. ಅಂದೇ ಅವಳ ಮನೆಯಲ್ಲಿ ಬಡಿಸುವ ದಿನ. ಇವನನ್ನು ನೋಡಿ ಅವಳ ಮುಖ ಗಟ್ಟಿಯಾಯಿತು.

"ಏನು ಪೊರ್ಬುಗಳೇ, ಔಷಧದ ಬಾಟಲಿ ತಂದಿದ್ದೀರಾ? ಸಾರಿಗೂ ಒಂದು ಹನಿ ಹಾಕಿ ನೋಡಿ, ನಿಜದ ಕೋಳಿಯೋ ಅಂತ."

"ತಪ್ಪಾಯಿತು ವಾರಿಜಕ್ಕ," ಅಂದ ಓಸ್ವಾಲ್ಡ್. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. "ನಿಮ್ಮ ಪ್ಯಾಕಿನಷ್ಟು ನಿಜವಾದದ್ದು ನನ್ನ ಟ್ರಂಕಿನಲ್ಲಿ ಒಂದೂ ಇಲ್ಲ."

ಅವಳು ಸೌಟು ಕೆಳಗಿಟ್ಟಳು. ಮಣೆ ಸರಿಸಿದಳು. ನೀರು ಕೊಟ್ಟಳು, ಅವನು ಕುಡಿದ. ಕೋಪ ಹೋದ ಮೇಲೆ ನಮ್ಮ ಹೆಂಗಸರು ಕೇಳುವ ಪ್ರಶ್ನೆಯನ್ನೇ ಅವಳೂ ಕೇಳಿದಳು, ಮನೆಯಲ್ಲಿ ಯಾರೆಲ್ಲ ಇದ್ದಾರೆ, ಅಪ್ಪ ಅಮ್ಮ ಇದ್ದಾರಾ ಅಂತ. ಹೀಗೆ ಹಡಗಿನ ಕತೆ ಹೊರಗೆ ಬಂತು. ಕಾರ್ಡು, ಕಿಟಕಿ, ಗೆದ್ದಲು, ಎಲ್ಲ.

"ಹಾಗಾದರೆ ನಿಮ್ಮ ಅಪ್ಪನಿಗೆ ನೀವು ಎಲ್ಲಿ ಇಡುತ್ತೀರಿ?"

"ನಮ್ಮಲ್ಲಿ ಬಡಿಸುವುದು ಇಲ್ಲ ಅಕ್ಕ. ನವೆಂಬರಿನಲ್ಲಿ ಗೋರಿಯ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಅಪ್ಪನಿಗೆ ಗೋರಿಯೇ ಇಲ್ಲವಲ್ಲ. ನಾನು ಬತ್ತಿ ಹಿಡಿದುಕೊಂಡು ಎಲ್ಲಿ ಇಡುವುದು ಅಂತ ನಿಲ್ಲುತ್ತೇನೆ."

ವಾರಿಜಾ ಕತ್ತಿ ಹಿಡಿದು ಹಿತ್ತಿಲಿಗೆ ಹೋಗಿ ಇನ್ನೊಂದು ಬಾಳೆ ಎಲೆ ಕಡಿದು ತಂದು, ದೂಮಪ್ಪನ ಎಲೆಯ ಪಕ್ಕದಲ್ಲಿ ಹಾಕಿದಳು. "ಹಸಿದು ಬಂದವರಿಗೆ ಯಾವ ಜಾತಿ?" ಅಂದಳು. ಎರಡೂ ಎಲೆಗೆ ಅನ್ನ, ಕೋಳಿ ಸಾರು, ಕೆಸುವಿನ ಎಲೆಯ ಪತ್ರೊಡೆ ಬಡಿಸಿದಳು. ಆಮೇಲೆ ಬಿಳಿ ಬಟ್ಟೆ ಬಿಚ್ಚಿ ಪ್ಯಾಕನ್ನು ಓಸ್ವಾಲ್ಡನ ಮುಂದೆ ಹಿಡಿದಳು.

"ಒಡೆಯಿರಿ. ಇವತ್ತು ಮನೆಯಲ್ಲಿ ಗಂಡಸು ಇದ್ದಾನೆ. ಹೊತ್ತಿಸಿ ಇಡಿ."

"ಅಯ್ಯೋ ಅಕ್ಕ, ಬೇಡ! ಇಷ್ಟು ವರ್ಷ ಮುಚ್ಚಿ ಇದ್ದದ್ದು..."

"ಅದನ್ನೇ ಹೇಳುವುದು. ಪಾಪ, ಅಷ್ಟು ವರ್ಷದಿಂದ ನನ್ನ ಅಪ್ಪ ಬಂದು ಮುಚ್ಚಿದ ಪ್ಯಾಕು ನೋಡಿ ಹೋಗಿದ್ದಾರೆ. ಸಾಕು."

ನೂರಾರು ಪ್ಯಾಕು ತೂಗಿದವನು ಮೊದಲ ಸಲ ಉಗುರಿನಲ್ಲಿ ಪಟ್ಟಿ ಎಬ್ಬಿಸಿದ. ಸಿಗರೇಟಿನ ಜೊತೆ ಕಾರ್ಡು ಹೊರಗೆ ಬಂತು. ವಾರಿಜಾ ಬಗ್ಗಿ ನೋಡಿ, "ಅದುವಾ?" ಅಂದಳು.

ಅದಲ್ಲ. ಎರಡು ಹಾಯಿಯ ಹಳೆಯ ಹಡಗು, ಓಸ್ವಾಲ್ಡನ ಹತ್ತಿರ ಬೇಕಾದಷ್ಟು ಇತ್ತು. ಅವಳ ಮುಖ ಬಾಡಿದ್ದು ನೋಡಿ ಅವನೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಎರಡು ಸಿಗರೇಟು ಹೊತ್ತಿಸಿ, ಸೇದಲು ಬಾರದೆ ಕೆಮ್ಮಿ ಕೆಮ್ಮಿ, ಒಂದೊಂದು ಎಲೆಯ ಬದಿಯಲ್ಲಿ ಒಂದೊಂದು ಇಟ್ಟ. ವಾರಿಜಾ ಬಾಗಿಲು ಎಳೆದಳು. ಇಬ್ಬರೂ ಜಗಲಿಯಲ್ಲಿ ನಿಂತರು.

ಬಾಗಿಲ ಅಡಿಯಿಂದ ಹೊಗೆ ಸಣ್ಣಗೆ ಹೊರಗೆ ಬಂತು. ಓಸ್ವಾಲ್ಡ್ ಅಭ್ಯಾಸದಂತೆ ಸರಿಯಲು ಹೋದವನು ಅಲ್ಲೇ ನಿಂತುಬಿಟ್ಟ. ಆ ವಾಸನೆ! ಸ್ವಲ್ಪ ಸಿಹಿ, ಸ್ವಲ್ಪ ಒಣಗಿದ ದ್ರಾಕ್ಷಿಯ ಹಾಗೆ. ಖಾಕಿ ಅಂಗಿ. ಗಡ್ಡ ಚುಚ್ಚುವ ಕೆನ್ನೆ. ಎತ್ತಿಕೊಂಡು ಕಡಲ ತಡಿಯಲ್ಲಿ ನಡೆಯುತ್ತಿದ್ದ ಅಪ್ಪ, ನಗುವಾಗ ಎದೆ ಅಲುಗುತ್ತಿದ್ದ ಅಪ್ಪ. ಮುಚ್ಚಿದ ಪ್ಯಾಕನ್ನು ಮೂಸಿ ಮೂಸಿ ಇಷ್ಟು ವರ್ಷ ಕಳೆದವನಿಗೆ, ಹೊತ್ತಿದ ಲಾಟೀನು ಮಾರ್ಕಿನ ವಾಸನೆ ಒಮ್ಮೆಯೂ ಸಿಕ್ಕಿರಲಿಲ್ಲ. ಓಸ್ವಾಲ್ಡ್ ಜಗಲಿಯ ಕಂಬ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ವಾರಿಜಾ ಅವನನ್ನು ಅಳಲು ಬಿಟ್ಟಳು. ಆಮೇಲೆ, "ತಟ್ಟಿ, ಅನ್ನ ತಣಿಯುತ್ತದೆ" ಅಂದಳು.

ಅಂದಿನಿಂದ ಪ್ರತಿ ಆಟಿಗೆ ಓಸ್ವಾಲ್ಡ್ ತನ್ನ ಟ್ರಂಕಿನಿಂದ ಒಂದು ಪ್ಯಾಕು ತೆಗೆದು ಅತ್ತೂರಿಗೆ ಹೋಗತೊಡಗಿದ. ಇಮೆಲ್ಡಾಳೂ ಜೊತೆಗೆ ಹೊರಟಳು. ವಾರಿಜಕ್ಕ ಮತ್ತು ಅವಳು ಒಲೆಯ ಮುಂದೆ ಕೂತು ಓಸ್ವಾಲ್ಡನ ದೋಷಗಳನ್ನೆಲ್ಲ ಒಂದೊಂದಾಗಿ ತೆಗೆದು ನಗುತ್ತಿದ್ದರು. ಸುದ್ದಿ ಕೇಳಿದ ಮಧ್ವರಾಜ ಮೇಷ್ಟ್ರು ಹಣೆ ಹಣೆ ಬಡಿದುಕೊಂಡರು. "ಸೀಲು ಇದ್ದದ್ದನ್ನು ಒಡೆಯುವುದಾ ಓಸ್ವಾಲ್ಡ್? ನೀವೇ ಹೀಗೆ ಮಾಡಿದರೆ?" ಮತ್ತೆ ಕುರ್ಚಿ ಹತ್ತಿರ ಎಳೆದುಕೊಂಡು, "ಆ ವಾಸನೆ ಹೇಗಿತ್ತು?" ಅಂತ ಕೇಳಿದರು. ಅವರ ತಂದೆಯೂ ಅದನ್ನೇ ಸೇದುತ್ತಿದ್ದರಂತೆ.

ಎಂಬತ್ತೆರಡರ ಆಟಿಯಲ್ಲಿ ಎರಡು ಎಲೆ ಬಡಿಸಿ ಆಗಿತ್ತು. ಓಸ್ವಾಲ್ಡ್ ಮಾತಾಡುತ್ತಲೇ ಪ್ಯಾಕು ಒಡೆದ. ಹತ್ತು ಹದಿನೈದು ವರ್ಷದಿಂದ ಅವನ ಮಂಚದ ಅಡಿಯಲ್ಲೇ ಇದ್ದ ಪ್ಯಾಕು, ಅದರ ಮೇಲೆಯೇ ಅವನು ದಿನಾ ಮಲಗಿದ್ದು. ಕಾರ್ಡು ಮಗುಚಿ ನೆಲಕ್ಕೆ ಬಿತ್ತು. ಎತ್ತಿ ತಿರುಗಿಸಿದ.

ಎರಡು ಕೆಂಪು ಹೊಗೆಕೊಳವೆ. ಬಿಳಿ ಮೈ. ಕೆಳಗೆ 'ಕೋರಲ್ ಸ್ಟಾರ್'. ಹಿಂಭಾಗದಲ್ಲಿ, ಸಾಲಿನ ಕೊನೆಗೆ, ಒಂದು ಸಣ್ಣ ಕಿಟಕಿ.

ಅವನ ಕೈಯಿಂದ ತೆಗೆದುಕೊಂಡು ಇಮೆಲ್ಡಾ ನೋಡಿದಳು. ಅವಳ ಕೈಯಿಂದ ವಾರಿಜಕ್ಕ ನೋಡಿದಳು. "ನಮ್ಮ ಮಂಚದ ಅಡಿಯಲ್ಲೇ!" ಅಂದಳು ಇಮೆಲ್ಡಾ. ಬೈಯಲು ತೆಗೆದ ಸ್ವರ ಅರ್ಧದಲ್ಲೇ ಒಡೆಯಿತು. ಓಸ್ವಾಲ್ಡ್ ವಾರಿಜಕ್ಕನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಅಂದು ಆ ಪ್ಯಾಕನ್ನು ಅವಳು ಇವನಿಂದ ಒಡೆಸದಿದ್ದರೆ ಇವನು ತನ್ನದನ್ನು ಯಾವ ಜನ್ಮದಲ್ಲಿಯೂ ಒಡೆಯುತ್ತಿರಲಿಲ್ಲ. ಕಾರ್ಡನ್ನು ಜೇಬಿಗೆ ಹಾಕಲಿಲ್ಲ. ಅಪ್ಪನ ಎಲೆಯ ಮೇಲೆ, ಅನ್ನದಿಂದ ಸ್ವಲ್ಪ ದೂರದಲ್ಲಿ, ಸಿಗರೇಟಿನ ಪಕ್ಕದಲ್ಲಿ ಇಟ್ಟ.

ಬಾಗಿಲು ಹಾಕಿದರು. ಮೂವರೂ ಹೊರಗೆ ನಿಂತರು. ಹೊಗೆ ಬಂತು, ಹೋಯಿತು. ಎಂದಿನ ಹೊತ್ತು ಕಳೆಯಿತು, ಅದಕ್ಕಿಂತ ಹೆಚ್ಚೂ ಕಳೆಯಿತು.

"ತಟ್ಟಿ ಪೊರ್ಬುಗಳೇ," ಅಂದಳು ವಾರಿಜಾ.

ಓಸ್ವಾಲ್ಡ್ ಎತ್ತಿದ ಕೈಯನ್ನು ಕೆಳಗಿಳಿಸಿದ.

"ಸ್ವಲ್ಪ ನಿಲ್ಲಿ ಅಕ್ಕ. ಅಪ್ಪ ಹಡಗು ನೋಡುತ್ತಿರಬಹುದು."